ಮಾತ್ರೆ ಇಲ್ಲದೆ ಸಿಗುವ ಆರಾಮವನ್ನು ಅಳೆಯುವುದು ಹೇಗೆ? ಕಾಸರಗೋಡಿನಲ್ಲಿ ನರ್ಸಿಂಗ್ ಅಧ್ಯಯನ ಮಾಡುವವರಿಗೆ ಮಾರ್ಗದರ್ಶಿ

ಸಿನಾಪ್ಸಿಸ್, ಅಂದರೆ ಅಧ್ಯಯನದ ಮುಂಗಡ ರೂಪರೇಖೆ, ಕೊಡುವ ಸಮಯ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಔಷಧ ಕೊಡದೆ ರೋಗಿಗೆ ಆರಾಮ ಮಾಡುವ ಒಂದು ಟಾಪಿಕ್ ಬೇಕು, ಊರಲ್ಲೇ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಕೇಳುವವರಲ್ಲಿ ಹೆಚ್ಚಿನವರು ಮಂಗಳೂರು ಕಡೆ ಓದುತ್ತಿರುವ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹುಡುಗ ಹುಡುಗಿಯರು. ಕೆಲವರು ಇಲ್ಲಿನ ಆಸ್ಪತ್ರೆಗಳಲ್ಲಿ ಈಗಾಗಲೇ ಡ್ಯೂಟಿ ಮಾಡುತ್ತಿರುವವರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಸುಲಭ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಆಗುವ ಅಧ್ಯಯನಗಳಲ್ಲಿ ತಿಳುವಳಿಕೆಯ ಅಂಕ ಲೆಕ್ಕ ಹಾಕುವವೇ ಜಾಸ್ತಿ. ಪ್ರಶ್ನೆಪತ್ರಿಕೆ ಕೊಡುವುದು, ಪಾಠ ಮಾಡುವುದು, 7ನೇ ದಿನ ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಡುವುದು, ಅಂಕ ಏರಿತು ಅಂತ ಬರೆಯುವುದು. ಏರದೆ ಇರುತ್ತದಾ? ಆದರೆ ರೋಗಿಗೆ ನಿದ್ದೆ ಬಂತಾ, ದಮ್ಮು ಇಳಿಯಿತಾ, ಇನ್‌ಹೇಲರ್ ಸರಿಯಾಗಿ ಎಳೆಯಲು ಬಂತಾ ಅಂತ ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಎರಡು ಪ್ರಶ್ನೆಗಳ ಸುತ್ತ ಇದೆ: ರೋಗಿಗೆ ಏನು ಮಾಡಲು ಬರುತ್ತದೆ? ಮಾಡಿದ ಮೇಲೆ ಅವರಿಗೆ ಏನು ಅನಿಸುತ್ತದೆ?

ಬೇಕಾಗುವ ಸಾಮಾನು ಕಡಿಮೆ. ನೀರಿನ ಥರ್ಮಾಮೀಟರ್, ಮೊಬೈಲಿನ ಟೈಮರ್, ಒಳಗಿನದು ಹೊರಗೆ ಕಾಣದ ದಪ್ಪ ಕವರ್‌ಗಳು, ಒಂದು ನೋಟ್‌ಬುಕ್, ಅಂಕ ಕೇಳಲು ಬರುವ ಒಬ್ಬ ಸ್ನೇಹಿತೆ. ಸಮಯ ಮಾತ್ರ ಜಾಸ್ತಿ ಬೇಕು. ಅದರಲ್ಲಿ ದೊಡ್ಡ ಪಾಲು ಅನುಮತಿಗೇ ಹೋಗುತ್ತದೆ.

ಹಂತ 1: ಒಂದು ತೊಂದರೆ, ಒಂದು ಉಪಾಯ

"ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟದ ಮೇಲೆ ಯೋಗ, ಸಂಗೀತ ಮತ್ತು ಆಹಾರ ಶಿಕ್ಷಣದ ಪರಿಣಾಮ" ಅಂತ ಟಾಪಿಕ್ ತಂದರೆ ಕೇಳಲು ಚೆಂದ. ಕೊನೆಯಲ್ಲಿ ಯಾವುದರಿಂದ ಏನಾಯಿತು ಅಂತ ಹೇಳಲು ನಿಮಗೇ ಆಗುವುದಿಲ್ಲ. ಒಂದು ತೊಂದರೆ ಹಿಡಿಯಿರಿ. ಅದಕ್ಕೆ ಒಂದೇ ಉಪಾಯ ಇಡಿ.

ಇಲ್ಲಿ ಮಾಡಬಹುದಾದ ಕೆಲವು ಜೋಡಿಗಳು ಹೀಗಿವೆ.

ದಮ್ಮಿಗೆ ಕೈಫ್ಯಾನ್. ಬ್ಯಾಟರಿಯ ಸಣ್ಣ ಫ್ಯಾನ್ ಹಿಡಿದು ಮೂಗು, ಬಾಯಿ, ಕೆನ್ನೆಯ ಮೇಲೆ ಗಾಳಿ ಬಿಟ್ಟುಕೊಳ್ಳುವುದು. ಮುಖಕ್ಕೆ ಹೋಗುವ ನರದ ಕೊಂಬೆಗಳಿಗೆ ತಂಪು ತಾಗಿದಾಗ ಉಸಿರು ಕಟ್ಟುವ ಅನುಭವ ಕಡಿಮೆಯಾಗುತ್ತದೆ. ಹಳೆಯ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್, ಹೃದಯದ ಕಾಯಿಲೆ ಇರುವವರಲ್ಲಿ ಇದನ್ನು ನೋಡಬಹುದು.

ರಾತ್ರಿ ನಿದ್ದೆ ಬಾರದವರಿಗೆ ಬಿಸಿನೀರಿನಲ್ಲಿ ಕಾಲಿಡುವುದು. ಮುಟ್ಟಿನ ಹೊಟ್ಟೆನೋವಿಗೆ ಬಿಸಿ ಶಾಖ. ಇದನ್ನು ಐಬುಪ್ರೊಫೆನ್ ಜೊತೆ ಹೋಲಿಸಿದ ಅಧ್ಯಯನವೊಂದು 2001ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿದೆ. ಆಪರೇಷನ್ ಆದ ಮೇಲಿನ ವಾಕರಿಕೆಗೆ ಪಿ6 ಅನ್ನುವ ಜಾಗದಲ್ಲಿ ಒತ್ತಡ. ಅಂಗೈ ಮತ್ತು ಮುಂಗೈ ಕೂಡುವ ಗೆರೆಯಿಂದ ರೋಗಿಯ ಮೂರು ಬೆರಳಿನಷ್ಟು ಮೊಣಕೈ ಕಡೆಗೆ, ಎರಡು ಹುರಿಗಳಂತೆ ಕೈಗೆ ಸಿಗುವ ಸ್ನಾಯುಕಟ್ಟುಗಳ ನಡುವಿನ ಜಾಗ ಅದು. ಮೂರು ಬೆರಳು ಅಂದರೆ ರೋಗಿಯದು, ನಿಮ್ಮದಲ್ಲ.

ಮಗುವಿಗೆ ಲಸಿಕೆ ಹಾಕುವಾಗ ತಾಯಿ ಹಾಲೂಡಿಸುವುದು ಕೂಡ ಪ್ರತಿ ವರ್ಷ ಯಾರಾದರೂ ತರುವ ಟಾಪಿಕ್. ಇದರಲ್ಲಿ ಒಂದು ತೊಡಕಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಶಿಫಾರಸು ಮಾಡಿದೆ. ಹಾಗಿರುವಾಗ ಅರ್ಧ ಮಕ್ಕಳಿಗೆ ಬೇಕೆಂದೇ ಅದನ್ನು ತಪ್ಪಿಸಿ ಅಳು ಲೆಕ್ಕ ಹಾಕುವುದು ಸರಿಯಲ್ಲ. ಅದರ ಬದಲು ತಾಯಂದಿರಿಗೆ ಮೊದಲೇ ಹೇಳಿಕೊಟ್ಟರೆ ಲಸಿಕೆಯ ದಿನ ಎಷ್ಟು ಜನ ನಿಜವಾಗಿ ಹಾಲೂಡಿಸುತ್ತಾರೆ ಅಂತ ನೋಡಿ. ಅದು ಒಳ್ಳೆಯ ಆರೋಗ್ಯ ಶಿಕ್ಷಣದ ಅಧ್ಯಯನವಾಗುತ್ತದೆ.

ಎಚ್ಚರ: ಔಷಧ ರಹಿತ ಅಂದ ಮಾತ್ರಕ್ಕೆ ಅಪಾಯ ರಹಿತ ಅಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. "ಬೆಚ್ಚಗಿದೆ, ಆರಾಮ ಇದೆ" ಅನ್ನುತ್ತಲೇ ಚರ್ಮ ಸುಟ್ಟುಕೊಳ್ಳುತ್ತಾರೆ. ಕಾಲು ಬಿಸಿನೀರಿನಲ್ಲಿ ಇಡಿಸುವ ಅಧ್ಯಯನವಾದರೆ 10 ಗ್ರಾಂ ಮೋನೋಫಿಲಮೆಂಟ್ ಇಟ್ಟು ಸ್ಪರ್ಶ ಪರೀಕ್ಷೆ ಮಾಡಿ. ಇದು ಪಾದಕ್ಕೆ ಒತ್ತಿ ನೋಡುವ ನೈಲಾನ್ ಎಳೆ. ಸ್ಪರ್ಶ ಕಡಿಮೆ ಇರುವವರು, ಗಾಯ ಇರುವವರು, ಕಾಲಿನ ರಕ್ತನಾಳದ ತೊಂದರೆ ಇರುವವರು ಅಧ್ಯಯನಕ್ಕೆ ಬೇಡ. "ಮಧುಮೇಹಿಗಳಲ್ಲಿ ಬಿಸಿನೀರಿನ ಪಾದಸ್ನಾನ" ಅನ್ನುವ ಟಾಪಿಕ್ ಯಾರಾದರೂ ಕೊಟ್ಟರೆ ನಯವಾಗಿ ವಾಪಸ್ ಮಾಡಿ.

ಇನ್ನೊಂದು ಮಾತು. ಈಗ ಸಿಗುತ್ತಿರುವ ನೋವಿನ ಮಾತ್ರೆಯನ್ನು ಅಧ್ಯಯನಕ್ಕಾಗಿ ನಿಲ್ಲಿಸುವ ಹಾಗಿಲ್ಲ. ನಿಮ್ಮ ಉಪಾಯ ಅದರ ಜೊತೆಗೆ ಹೋಗಬೇಕು. ಹೊಸದಾಗಿ ಶುರುವಾದ ದಮ್ಮು, ಎದೆನೋವು, ತುಟಿ ನೀಲಿಯಾಗುವುದು ಕಂಡರೆ ಫ್ಯಾನ್ ಬದಿಗಿಟ್ಟು ತಕ್ಷಣ ಡಾಕ್ಟರಿಗೆ ತಿಳಿಸಿ.

ಹಂತ 2: ಹೋಲಿಸಲು ಇನ್ನೊಂದು ಗುಂಪು

ಒಂದೇ ಗುಂಪು ಇಟ್ಟುಕೊಂಡು ಮೊದಲು ಮತ್ತು ಆಮೇಲೆ ಅಳೆಯುವುದು ಸುಲಭ. ಅದಕ್ಕೇ ಎಲ್ಲರೂ ಮಾಡುತ್ತಾರೆ. ಆದರೆ ಯೋಚಿಸಿ. ನೋವು ಜಾಸ್ತಿ ಇದ್ದ ದಿನವೇ ನಾವು ರೋಗಿಯನ್ನು ಸೇರಿಸಿಕೊಳ್ಳುತ್ತೇವೆ. ಜಾಸ್ತಿ ಇದ್ದದ್ದು ಒಂದೆರಡು ದಿನದಲ್ಲಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಜೊತೆಗೆ ಯಾರೋ ಬಂದು ಪಕ್ಕದಲ್ಲಿ ಕೂತು ಮಾತಾಡಿಸಿದರು ಅನ್ನುವುದೇ ಅರ್ಧ ಔಷಧ. ಇವೆಲ್ಲ ನಿಮ್ಮ ಉಪಾಯದ ಖಾತೆಗೆ ಜಮೆಯಾಗುತ್ತವೆ.

ಹೋಲಿಕೆ ಗುಂಪು ಅಂದರೆ ಏನೂ ಕೊಡದ ಗುಂಪು ಅಂತ ತಿಳಿಯಬೇಡಿ. ಕೈಫ್ಯಾನ್ ಬಗ್ಗೆ ಇಂಗ್ಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವನ್ನು ಗಮನಿಸಿ. 50 ಜನ ಇದ್ದರು. ಪ್ರತಿಯೊಬ್ಬರೂ 5 ನಿಮಿಷ ಫ್ಯಾನಿನ ಗಾಳಿಯನ್ನು ಮುಖಕ್ಕೆ ಬಿಟ್ಟುಕೊಂಡರು, ಇನ್ನೊಮ್ಮೆ 5 ನಿಮಿಷ ಕಾಲಿಗೆ ಬಿಟ್ಟುಕೊಂಡರು. ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಮುಖಕ್ಕೆ ಗಾಳಿ ಬಿದ್ದಾಗ ದಮ್ಮು ಕಡಿಮೆಯಾಯಿತು. ಅದೇ ಫ್ಯಾನ್, ಅದೇ ಸಮಯ, ಅದೇ ಗಮನ. ಬದಲಾದದ್ದು ಗಾಳಿ ತಾಗುವ ಜಾಗ ಒಂದೇ. ಹಾಗಾಗಿ ಅದರ ಫಲಿತಾಂಶಕ್ಕೆ ತೂಕ ಇದೆ. ಇಂಥ ಅಧ್ಯಯನಕ್ಕೆ ಖರ್ಚೇನೂ ಇಲ್ಲ, ಸ್ವಲ್ಪ ತಲೆ ಓಡಿಸಬೇಕು ಅಷ್ಟೆ.

ಯಾರು ಯಾವ ಗುಂಪಿಗೆ ಅನ್ನುವುದನ್ನು ನೀವು ಆರಿಸಬಾರದು. ಚೀಟಿಗಳನ್ನು ಮೊದಲೇ ದಪ್ಪ ಕವರಿನಲ್ಲಿ ಅಂಟಿಸಿ ನಂಬರ್ ಹಾಕಿಡಿ. ರೋಗಿ ಒಪ್ಪಿ ಸಹಿ ಹಾಕಿದ ಮೇಲೆಯೇ ಕವರ್ ಒಡೆಯಿರಿ. ಸಮ ಸಂಖ್ಯೆಯ ಬೆಡ್ ಒಂದು ಗುಂಪು, ಬೆಸ ಸಂಖ್ಯೆಯದು ಇನ್ನೊಂದು ಅಂತ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನವರು ಯಾವ ಗುಂಪು ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಆಗ ಸಹಕರಿಸುವ ಹಾಗೆ ಕಾಣುವ ರೋಗಿ ಗೊತ್ತಿಲ್ಲದೆಯೇ ಒಂದು ಕಡೆಗೆ ವಾಲುತ್ತಾರೆ.

ವಾರ್ಡಿನಲ್ಲಿ ಇನ್ನೊಂದು ಸಮಸ್ಯೆ. ಪಕ್ಕದ ಬೆಡ್ಡಿನವರು ನೋಡಿ ಕಲಿತುಬಿಡುತ್ತಾರೆ. ಮನೆಗಳಲ್ಲಿಯೂ ಹಾಗೆಯೇ, ಅಕ್ಕಪಕ್ಕದ ಮನೆಗೆ ಸುದ್ದಿ ಹೋಗದೆ ಇರುತ್ತದಾ? ಒಂದು ಪಂಚಾಯತ್ ಒಂದು ಗುಂಪು, ಇನ್ನೊಂದು ಪಂಚಾಯತ್ ಇನ್ನೊಂದು ಅಂತ ಮಾಡಬಹುದು. ಆದರೆ ಎರಡೇ ಪಂಚಾಯತ್ ಇಟ್ಟುಕೊಂಡರೆ ವ್ಯತ್ಯಾಸ ಊರಿನದಾ, ಉಪಾಯದ್ದಾ ಅಂತ ಹೇಳಲು ಬರುವುದಿಲ್ಲ. ಹಲವು ಪಂಚಾಯತ್ ಬೇಕು, ಜನವೂ ಜಾಸ್ತಿ ಬೇಕು. ವಿದ್ಯಾರ್ಥಿಯ ಅಧ್ಯಯನಕ್ಕೆ ಅದು ಭಾರ. ದೂರ ದೂರದ ಮನೆಗಳನ್ನು ಆರಿಸಿಕೊಳ್ಳುವುದೇ ಒಳ್ಳೆಯದು.

ಹೋಲಿಕೆ ಗುಂಪಿನವರಿಗೂ ಅಧ್ಯಯನ ಮುಗಿದ ಮೇಲೆ ಆ ಉಪಾಯ ಕಲಿಸಿಕೊಡಿ. ಒಪ್ಪಿಗೆ ಪತ್ರದಲ್ಲಿಯೇ ಬರೆದಿಟ್ಟರೆ ಅವರಿಗೂ ಬೇಸರ ಇರುವುದಿಲ್ಲ.

ಹಂತ 3: ಅಳತೆಗೋಲು

ನೋವಿಗೆ 0ಯಿಂದ 10ರ ಅಳತೆ, ದಮ್ಮಿಗೆ ಬೋರ್ಗ್ ಅಳತೆ, ನಿದ್ದೆಗೆ ಪಿಟ್ಸ್‌ಬರ್ಗ್ ಸೂಚಿ ಅಂತ ಎಲ್ಲರೂ ಬರೆಯುತ್ತಾರೆ. ಬರೆಯುವ ಮೊದಲು ಆ ಅಳತೆಗೋಲು ಏನು ಕೇಳುತ್ತದೆ ಅಂತ ಓದಿ. ಪಿಟ್ಸ್‌ಬರ್ಗ್ ಸೂಚಿ ಕೇಳುವುದು ಕಳೆದ ಒಂದು ತಿಂಗಳ ನಿದ್ದೆಯ ಬಗ್ಗೆ. ನೀವು ಮೂರು ರಾತ್ರಿ ಕಾಲಿಗೆ ಬಿಸಿನೀರು ಕೊಟ್ಟು ನಾಲ್ಕನೇ ದಿನ ಅದನ್ನು ಕೇಳಿದರೆ ಉತ್ತರದಲ್ಲಿ ಹಳೆಯ ದಿನಗಳೇ ತುಂಬಿರುತ್ತವೆ. ನಿನ್ನೆ ರಾತ್ರಿಯ ನಿದ್ದೆ ಮಾತ್ರ ಬೇಕಾದರೆ ರಿಚರ್ಡ್ಸ್-ಕ್ಯಾಂಪ್‌ಬೆಲ್ ಪ್ರಶ್ನಾವಳಿ ಇದೆ. ಅದರಲ್ಲಿ ಐದೇ ಪ್ರಶ್ನೆ.

ಕೆಲವು ಅಳತೆಗೋಲುಗಳಿಗೆ ಹಕ್ಕುದಾರರ ಅನುಮತಿ ಬೇಕು. ಕೆಲವಕ್ಕೆ ದುಡ್ಡೂ ಕೊಡಬೇಕು. ಔಷಧ ಸರಿಯಾಗಿ ತಗೊಳ್ಳುತ್ತಾರಾ ಅಂತ ನೋಡುವ ಮೊರಿಸ್ಕಿ ಅಳತೆ ಇದರಲ್ಲಿ ಹೆಸರುವಾಸಿ. ಸೀನಿಯರ್ ಥೀಸಿಸಿನಿಂದ ಫೋಟೋ ತೆಗೆದು ಬಳಸಿಕೊಂಡು ಆಮೇಲೆ ಪ್ರಕಟಿಸುವಾಗ ಸಿಕ್ಕಿಬೀಳಬೇಡಿ. ಪತ್ರ ಬರೆದು ಅನುಮತಿ ತರಿಸಿಕೊಂಡು ಥೀಸಿಸಿಗೆ ಅಂಟಿಸಿ.

ಇನ್ನು ಭಾಷೆ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದೇ ವಾರ್ಡಿನಲ್ಲಿ ಮಲಯಾಳ, ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರು ಇರುತ್ತಾರೆ. ಕನ್ನಡ ಮೀಡಿಯಂ ಓದಿದ ಹಿರಿಯರಿಗೆ ಮಲಯಾಳ ಲಿಪಿ ಓದಲು ಬರುವುದಿಲ್ಲ, ಅವರ ಮನೆಯ ಸಣ್ಣವರಿಗೆ ಕೆಲವೊಮ್ಮೆ ಕನ್ನಡ ಲಿಪಿ ಬರುವುದಿಲ್ಲ. "ಕನ್ನಡ ಬಲ್ಲವರು ಮಾತ್ರ" ಅಂತ ನಿಯಮ ಹಾಕಿದರೆ ಕೆಲಸ ಹಗುರ, ಆದರೆ ಅರ್ಧ ಊರು ಹೊರಗೆ ಉಳಿಯುತ್ತದೆ.

ನಾನು ಹೇಳುವುದು ಇಷ್ಟು. ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಮಾಡಿ. ತುಳುವಿನಲ್ಲಿ ಕೇಳುವ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಅದನ್ನೇ ಓದಿ. ಸ್ಥಳದಲ್ಲೇ ಅನುವಾದ ಮಾಡುತ್ತಾ ಹೋದರೆ ಒಬ್ಬರಿಗೆ ಒಂದು ಪ್ರಶ್ನೆ, ಇನ್ನೊಬ್ಬರಿಗೆ ಇನ್ನೊಂದು ಪ್ರಶ್ನೆ ಕೇಳಿದ ಹಾಗಾಗುತ್ತದೆ. ಅನುವಾದ ಆದ ಮೇಲೆ ಮೂಲ ನೋಡದ ಬೇರೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ. ಮನೆಯ ಮಕ್ಕಳನ್ನೋ ಸೊಸೆಯನ್ನೋ ದುಭಾಷಿ ಮಾಡಬೇಡಿ. "ಅವರಿಗೆ ಅಷ್ಟೇನೂ ನೋವಿಲ್ಲ" ಅಂತ ಅವರೇ ಅಂಕ ಕೊಟ್ಟುಬಿಡುತ್ತಾರೆ.

ವಯಸ್ಸಾದ ಕೆಲವರಿಗೆ 0ಯಿಂದ 10 ಅಂದರೆ ತಲೆಗೆ ಹತ್ತುವುದಿಲ್ಲ. ಶಾಲೆಯ ಮಾರ್ಕಿನ ಹಾಗೆ 10 ಅಂದರೆ ಒಳ್ಳೆಯದು ಅಂದುಕೊಳ್ಳುವವರೂ ಇದ್ದಾರೆ. ಅಂಥವರಿಗೆ ಮಾತಿನ ಅಳತೆ ಸರಿ: ಇಲ್ಲ, ಸ್ವಲ್ಪ, ಸುಮಾರು, ಜಾಸ್ತಿ, ತಡೆಯಲಾಗದಷ್ಟು. ಯಾವುದನ್ನು ಆರಿಸಿದರೂ ಎಲ್ಲರಿಗೂ ಅದೇ ಇರಲಿ.

ಹಂತ 4: ಎಷ್ಟು ಜನ ಬೇಕು

"ಸೀನಿಯರ್ 60 ತೆಗೆದುಕೊಂಡಿದ್ದರು" ಅನ್ನುವುದು ಕಾರಣ ಆಗುವುದಿಲ್ಲ. ಎರಡು ಗುಂಪಿನ ಸರಾಸರಿ ಹೋಲಿಸುವುದಾದರೆ ಸುಲಭದ ಲೆಕ್ಕ ಇದೆ. ಹಳೆಯ ಅಧ್ಯಯನಗಳಿಂದ ಅಂಕಗಳ ಚದುರುವಿಕೆ ಎಷ್ಟು ಅಂತ ತಿಳಿದುಕೊಳ್ಳಿ. ಇದನ್ನು ಸ್ಟಾಂಡರ್ಡ್ ಡೀವಿಯೇಶನ್ ಅನ್ನುತ್ತಾರೆ. ಅದರ ವರ್ಗವನ್ನು 15.68ರಿಂದ ಗುಣಿಸಿ. ನೀವು ಹಿಡಿಯಲು ಹೊರಟ ವ್ಯತ್ಯಾಸದ ವರ್ಗದಿಂದ ಭಾಗಿಸಿ. ಬಂದದ್ದು ಒಂದು ಗುಂಪಿಗೆ ಬೇಕಾದ ಸಂಖ್ಯೆ. ಶೇಕಡಾ 5ರ ತಪ್ಪಿನ ಅವಕಾಶ, ಶೇಕಡಾ 80ರ ಪವರ್ ಇಟ್ಟುಕೊಂಡಾಗಿನ ಲೆಕ್ಕ ಇದು. ಪವರ್ ಅಂದರೆ ನಿಜವಾಗಿ ವ್ಯತ್ಯಾಸ ಇದ್ದರೆ ಅದು ನಿಮ್ಮ ಕಣ್ಣಿಗೆ ಬೀಳುವ ಸಾಧ್ಯತೆ.

ಉದಾಹರಣೆಗೆ ಚದುರುವಿಕೆ 2, ವ್ಯತ್ಯಾಸ 1.5 ಅಂತ ಇಟ್ಟರೆ 28 ಜನ ಬರುತ್ತದೆ. ಮಧ್ಯದಲ್ಲಿ ಬಿಟ್ಟು ಹೋಗುವವರು ಶೇಕಡಾ 20 ಅಂತ ಹಿಡಿದರೆ ಗುಂಪಿಗೆ 35, ಒಟ್ಟು 70. ಪ್ಯಾಲಿಯೇಟಿವ್ ರೋಗಿಗಳಾದರೆ, ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು ಕಡಿಮೆ ಮಾಡುವ ಆರೈಕೆ ಪಡೆಯುವವರಾದರೆ, ಬಿಟ್ಟು ಹೋಗುವವರು ಜಾಸ್ತಿಯೇ ಇರುತ್ತಾರೆ, ಕಾರಣ ನಿಮಗೆ ಗೊತ್ತು.

ಹಂತ 5: ಅನುಮತಿಗಳು

ಐದನೇ ಹಂತ ಅಂತ ಬರೆದಿದ್ದೇನೆ, ಆದರೆ ಮಾತುಕತೆ ಮೊದಲ ವಾರವೇ ಶುರುವಾಗಲಿ. ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ, ಅಂದರೆ ರೋಗಿಗೆ ತೊಂದರೆಯಾಗದಂತೆ ನೋಡುವ ಸಮಿತಿ, ಒಪ್ಪಬೇಕು. ಅಷ್ಟೇ ಸಾಕು ಅಂದುಕೊಳ್ಳಬೇಡಿ. ಕಾಲೇಜು ಕರ್ನಾಟಕದಲ್ಲಿ, ರೋಗಿಗಳು ಕೇರಳದಲ್ಲಿ ಅನ್ನುವವರಿಗೆ ಗಡಿಯ ತಲಪಾಡಿ ದಾಟಿದ ಮೇಲೆ ಬೇರೆ ಅನುಮತಿ ಬೇಕು. ಆಸ್ಪತ್ರೆಯಾದರೆ ಅದರ ಸೂಪರಿಂಟೆಂಡೆಂಟ್, ಸರಕಾರಿ ಆರೋಗ್ಯ ಕೇಂದ್ರಗಳಾದರೆ ಜಿಲ್ಲಾ ವೈದ್ಯಾಧಿಕಾರಿ. ಮನೆ ಮನೆಗೆ ಹೋಗುವುದಾದರೆ ಪಂಚಾಯತ್.

ಕೇರಳ 2008ರಲ್ಲಿ ಪ್ಯಾಲಿಯೇಟಿವ್ ಕೇರ್ ನೀತಿ ತಂದಿತು. ಈಗ ಪಂಚಾಯತ್‌ಗಳ ಮೂಲಕ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್ ಇದ್ದಾರೆ. ಅವರ ಜೊತೆ ಮೊದಲು ಕೆಲವು ಮನೆಗಳಿಗೆ ಸುಮ್ನೆ ಹೋಗಿ ಬನ್ನಿ, ಕಾಗದ ಪೆನ್ನು ಇಲ್ಲದೆ. ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅವರ ದಿನದ ಕೆಲಸಕ್ಕೆ ಅಡ್ಡಿಯಾಗದ ಹಾಗೆ ನಿಮ್ಮ ಸಮಯ ಇಟ್ಟುಕೊಳ್ಳಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತ್‌ಗಳಲ್ಲಿ ಇನ್ನೂ ಜಾಗ್ರತೆ. ಗೇರು ತೋಟಗಳಲ್ಲಿ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು. ಸರ್ವೆಗಳು, ಕ್ಯಾಂಪುಗಳು, ಫೋಟೋ ತೆಗೆಯಲು ಬರುವವರು ನಿಲ್ಲಲಿಲ್ಲ. ಇನ್ನೊಂದು ಫಾರ್ಮ್ ಹಿಡಿದು ಬಂದವರನ್ನು ಕಂಡರೆ ಅಲ್ಲಿನ ತಾಯಂದಿರಿಗೆ ಬೇಸರ ಬರುವುದು ಸಹಜ ಅಲ್ವಾ? ನಿಮ್ಮ ಅಧ್ಯಯನಕ್ಕೆ ಆ ಊರೇ ಬೇಕು ಅಂತ ಗಟ್ಟಿ ಕಾರಣ ಇಲ್ಲದಿದ್ದರೆ ಬೇರೆ ಊರು ನೋಡಿ.

ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲಿ ಇರಬೇಕು. ಓದಲು ಬಾರದವರಿಗೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಸಹಿ ತಗೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಇದೆಲ್ಲ ವಿವರವಾಗಿದೆ. "ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ" ಅನ್ನುವ ವಾಕ್ಯವನ್ನು ಗಟ್ಟಿಯಾಗಿ ಓದಿ. ಯೂನಿಫಾರ್ಮ್ ಹಾಕಿದವರು ಕೇಳಿದರೆ ಬೇಡ ಅನ್ನಲು ನಮ್ಮವರಿಗೆ ಸಂಕೋಚ.

ರೋಗಿಗಳನ್ನು ಗುಂಪು ಮಾಡಿ ಉಪಾಯ ಕೊಡುವ ಅಧ್ಯಯನವನ್ನು ಸಿಟಿಆರ್‌ಐ ಅನ್ನುವ ರಾಷ್ಟ್ರೀಯ ನೋಂದಣಿ ತಾಣದಲ್ಲಿ ನೋಂದಾಯಿಸಿ. ದುಡ್ಡು ಇಲ್ಲ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮೊದಲೇ ನೋಂದಣಿ ಆಗಿರಬೇಕು. ಡೇಟಾ ಎಲ್ಲ ತೆಗೆದ ಮೇಲೆ ನೆನಪಾಗಿ ಓಡುವವರು ತುಂಬಾ ಜನ. ಆಮೇಲೆ ದಾರಿ ಇರುವುದಿಲ್ಲ.

ಹಂತ 6: ಪಾಠ ತಯಾರಿಸುವುದು

ಆರೋಗ್ಯ ಶಿಕ್ಷಣದ ಅಧ್ಯಯನ ಕೆಡುವುದು ಹೆಚ್ಚಾಗಿ ಇಲ್ಲಿ. ಎಲ್ಲಿಯದೋ ಕರಪತ್ರ ತಂದು ಕನ್ನಡಕ್ಕೆ ತಿರುಗಿಸುತ್ತಾರೆ. ಅದರಲ್ಲಿ ಚಪಾತಿ, ಓಟ್ಸ್, ಸೇಬು ಇರುತ್ತದೆ. ನಮ್ಮ ರೋಗಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಣ್ಣುತ್ತಾರೆ.

ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಲು ಹೇಳುವ ಪಾಠ ಅಂತ ಇಟ್ಟುಕೊಳ್ಳಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಾಂ ಅಂದರೆ ಯಾರಿಗೆ ಗೊತ್ತಾಗುತ್ತದೆ? ಮಟ್ಟಸವಾದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಅದೂ ಇಡೀ ದಿನಕ್ಕೆ ಅಂತ ತೋರಿಸಿ. ಆಮೇಲೆ ಅವರ ಅಡುಗೆಮನೆಯಲ್ಲಿ ಉಪ್ಪು ಎಲ್ಲೆಲ್ಲಿ ಕೂತಿದೆ ಅಂತ ಹುಡುಕಿ. ಸಾರಿನಲ್ಲಿ ಇರುವುದು ಅವರಿಗೆ ಗೊತ್ತು. ಗಂಜಿಗೆ ಹಾಕುವ ಉಪ್ಪು, ನೆಂಚಿಕೊಳ್ಳುವ ಮಿಡಿ ಉಪ್ಪಿನಕಾಯಿ, ಮಳೆಗಾಲದ ಒಣಮೀನು, ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಇವು ಲೆಕ್ಕಕ್ಕೇ ಬರುವುದಿಲ್ಲ. "ನಾನು ಉಪ್ಪು ಕಡಿಮೆ ಮಾಡಿದ್ದೇನೆ" ಅಂತ ಅವರು ಹೇಳುವುದು ಸುಳ್ಳಲ್ಲ, ಸಾರಿಗೆ ಕಡಿಮೆ ಮಾಡಿರುತ್ತಾರೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯದಲ್ಲಿ ಇದು ಇನ್ನೂ ಗಂಭೀರ. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹೇಳಿರುತ್ತಾರೆ. ನೀರನ್ನು ಅಳೆದೇ ಕುಡಿಯುತ್ತಾರೆ, ಗಂಜಿಯ ತಿಳಿ ಮಾತ್ರ ಊಟದ ಲೆಕ್ಕದಲ್ಲಿ ಹೋಗುತ್ತದೆ. ಬಾಯಾರಿಕೆಗೆ ಒಳ್ಳೆಯದು ಅಂತ ಬೊಂಡ, ಅಂದರೆ ಎಳನೀರು, ಕೆತ್ತಿ ಕೊಡುತ್ತಾರೆ ಮನೆಯವರು, ಪ್ರೀತಿಯಿಂದಲೇ. ಬೊಂಡದಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಹೊರಗಿನಿಂದ ಬಂದ ಕರಪತ್ರದಲ್ಲಿ ಗಂಜಿ ತಿಳಿಯ ಮಾತೂ ಇರುವುದಿಲ್ಲ, ಬೊಂಡದ ಮಾತೂ ಇರುವುದಿಲ್ಲ. ಅದನ್ನು ಸೇರಿಸುವವರು ನೀವು. ಪಾಠ ಬರೆಯುವ ಮೊದಲು ಅಂಥ ಕೆಲವು ಮನೆಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನೇನು ಬಾಯಿಗೆ ಹೋಗುತ್ತದೆ ಅಂತ ಕೇಳಿ ಬರೆದುಕೊಳ್ಳಿ. ರಂಜಾನ್ ತಿಂಗಳಲ್ಲಿ ಉಪವಾಸ ಮಾಡುವವರ ದಿನಚರಿ ಪೂರ್ತಿ ಬೇರೆ. ಅದನ್ನೂ ಕೇಳಿ.

ಕರಪತ್ರದಲ್ಲಿ ನಾಲ್ಕೈದು ವಿಷಯಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದೂ ಮಾಡುವ ಕೆಲಸವಾಗಿರಲಿ. "ದ್ರವ ಸೇವನೆಯನ್ನು ನಿಯಂತ್ರಿಸುವುದು" ಅಂತ ಬರೆಯಬೇಡಿ. "ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಸಿಡಿ. ಚಾ, ಗಂಜಿ ತಿಳಿ, ಮಜ್ಜಿಗೆ ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ" ಅಂತ ಬರೆಯಿರಿ. ಅಕ್ಷರ ದೊಡ್ಡದಿರಲಿ. ಕರಪತ್ರ ಅರ್ಥವಾಗುವ ಹಾಗಿದೆಯಾ, ಅದನ್ನು ಓದಿ ಏನಾದರೂ ಮಾಡಲು ಆಗುತ್ತದಾ ಅಂತ ಪರೀಕ್ಷಿಸಲು ಪಿಇಎಂಎಟಿ ಅನ್ನುವ ಉಚಿತ ಪಟ್ಟಿ ಇದೆ. ತಜ್ಞರು ಓದಿ ಸರಿಯಿದೆ ಅಂತ ಸಹಿ ಹಾಕುವ ವ್ಯಾಲಿಡೇಶನ್ ಜೊತೆ ಅದನ್ನೂ ಸೇರಿಸಿ. ನನ್ನ ಮಟ್ಟಿಗೆ ಆರು ಪ್ರೊಫೆಸರುಗಳ ಸಹಿಗಿಂತ ಇಬ್ಬರು ರೋಗಿಗಳು ಓದಿ "ಇದು ಏನು ಅಂತ ಗೊತ್ತಾಗಲಿಲ್ಲ" ಅನ್ನುವುದು ಹೆಚ್ಚು ಉಪಯೋಗ. ಸಹಿಗಳೂ ಬೇಕು, ಅದು ಬೇರೆ ಮಾತು.

ಪಾಠ ಮಾಡಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. "ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಇದನ್ನು ಹೇಗೆ ಹೇಳುತ್ತೀರಿ, ನನಗೆ ಹೇಳಿ ನೋಡುವಾ" ಅನ್ನಿ. ಇದಕ್ಕೆ ಟೀಚ್-ಬ್ಯಾಕ್ ಅನ್ನುತ್ತಾರೆ. ತಪ್ಪಿದರೆ ನೀವು ಹೇಳಿದ ಕ್ರಮ ಸರಿಯಾಗಲಿಲ್ಲ ಅಂತ ಲೆಕ್ಕ. ಬೇರೆ ರೀತಿಯಲ್ಲಿ ಹೇಳಿ, ಮತ್ತೆ ಕೇಳಿ.

ಅಳೆಯುವುದು ಕೂಡ ಹೀಗೆಯೇ. ಇನ್‌ಹೇಲರ್ ಕಲಿಸಿದರೆ ಪ್ರಶ್ನೆಪತ್ರಿಕೆ ಬೇಡ, ಇನ್‌ಹೇಲರನ್ನೇ ಕೈಗೆ ಕೊಡಿ. ಮುಚ್ಚಳ ತೆಗೆದರಾ, ಅಲ್ಲಾಡಿಸಿದರಾ, ಉಸಿರು ಪೂರ್ತಿ ಬಿಟ್ಟರಾ, ತುಟಿ ಬಿಗಿಯಾಗಿ ಮುಚ್ಚಿದರಾ, ಒತ್ತುವುದು ಮತ್ತು ನಿಧಾನ ಎಳೆಯುವುದು ಒಟ್ಟಿಗೆ ಆಯಿತಾ, ಸುಮಾರು 10 ಸೆಕೆಂಡ್ ಹಿಡಿದರಾ. ಒಂದೊಂದಕ್ಕೆ ಒಂದು ಅಂಕ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ಎರಡು ಹೆಜ್ಜೆ ಮರೆತಿರುತ್ತಾರೆ. ಯಾವ ಹೆಜ್ಜೆ ಮರೆಯುತ್ತಾರೆ ಅನ್ನುವುದೇ ನಿಮ್ಮ ಅಧ್ಯಯನದ ಒಳ್ಳೆಯ ಭಾಗ.

ಹಂತ 7: ಡೇಟಾ ತೆಗೆಯುವುದು

ಮೊದಲು ಕೆಲವೇ ಜನರಲ್ಲಿ ಪೈಲಟ್, ಅಂದರೆ ಪರೀಕ್ಷೆಗಾಗಿ ಒಂದು ಸಣ್ಣ ಅಧ್ಯಯನ, ಮಾಡಿ. ಅವರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬೇಡಿ.

ಉಪಾಯವನ್ನು ಪ್ರತಿ ಸಲ ಒಂದೇ ರೀತಿ ಕೊಡಬೇಕು. ಕಾಲಿಗೆ ಬಿಸಿನೀರು ಅಂತ ಬರೆದರೆ ಸಾಲದು. ನಮ್ಮ ಮನೆಗಳಲ್ಲಿ ಬಚ್ಚಲ ಹಂಡೆಯ ನೀರು ಅಡಿಕೆ ಸಿಪ್ಪೆಯ ಬೆಂಕಿಗೆ ಕುದಿಯುವ ಹತ್ತಿರ ಇರುತ್ತದೆ. ಕೈ ಅದ್ದಿ ನೋಡಿ "ಸಾಕು" ಅಂದರೆ ಒಬ್ಬರಿಗೆ 38 ಡಿಗ್ರಿ, ಇನ್ನೊಬ್ಬರಿಗೆ 45 ಡಿಗ್ರಿ. ಹೀಗೆ ಮಾಡಿ: ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಥರ್ಮಾಮೀಟರ್ 40ರಿಂದ 41 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ನೀರು ಪಾದದ ಗಂಟಿನ ಮೇಲೆ ಬರಲಿ. 20 ನಿಮಿಷ. ಮಧ್ಯದಲ್ಲಿ ಬಿಸಿ ನೋಡಿ, ಕಡಿಮೆಯಾದರೆ ರೋಗಿ ಕಾಲು ಹೊರಗೆ ತೆಗೆದ ಮೇಲೆ ಬಿಸಿನೀರು ಸೇರಿಸಿ. ಕೊನೆಯಲ್ಲಿ ಬೆರಳ ಸಂದುಗಳನ್ನು ಒರೆಸಿ. ಮಲಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಮುಗಿಸಿ. ಇಷ್ಟನ್ನೂ ಥೀಸಿಸಿನಲ್ಲಿ ಬರೆಯಿರಿ. ಯಾರು, ಏನು, ಎಲ್ಲಿ, ಎಷ್ಟು, ಹೇಗೆ ಅಂತ ಬಿಡದೆ ಬರೆಯಲು ಟಿಐಡಿಐಇಆರ್ ಅನ್ನುವ 12 ಅಂಶಗಳ ಪಟ್ಟಿ 2014ರಿಂದ ಇದೆ, ಅದನ್ನು ಮುಂದಿಟ್ಟುಕೊಳ್ಳಿ.

ಅಂಕ ಕೇಳುವವರು ಬೇರೆಯವರಿರಲಿ. ಇಪ್ಪತ್ತು ನಿಮಿಷ ಕಾಲು ಒರೆಸಿ ಉಪಚಾರ ಮಾಡಿದ ನೀವೇ "ಹೇಗಿದೆ?" ಅಂದರೆ "ಏನೂ ಪ್ರಯೋಜನ ಆಗಲಿಲ್ಲ ಮಗಾ" ಅಂತ ಯಾವ ಅಜ್ಜಿ ಹೇಳುತ್ತಾರೆ? ಅದಕ್ಕೇ ಆ ಸ್ನೇಹಿತೆ. ಯಾರು ಯಾವ ಗುಂಪು ಅಂತ ಅವಳಿಗೆ ಹೇಳಬೇಡಿ.

ಪ್ರತಿ ಸಲ ಅಂಕದ ಪಕ್ಕದಲ್ಲೇ ಇನ್ನೆರಡು ಕಾಲಂ ಇರಲಿ. ಕಳೆದ ಆರು ಗಂಟೆಯಲ್ಲಿ ಯಾವ ಮಾತ್ರೆ, ಎಷ್ಟು ಹೊತ್ತಿಗೆ? ಮನೆಯಲ್ಲಿ ಬೇರೆ ಏನು ಮಾಡಿದರು? ಪ್ಯಾರಾಸಿಟಮೋಲ್ ನುಂಗಿ ಅರ್ಧ ಗಂಟೆ ಆದವರ ನೋವು ಇಳಿದರೆ ಅದು ನಿಮ್ಮ ಉಪಾಯದಿಂದ ಅಂತ ಹೇಳಲು ಆಗುವುದಿಲ್ಲ. ತೈಲ, ಕಷಾಯ, ಲೇಪ ಇವನ್ನು ಔಷಧ ಅಂತ ಹೆಚ್ಚಿನವರು ಹೇಳುವುದೇ ಇಲ್ಲ. ಹೆಸರು ಹಿಡಿದು ಕೇಳಬೇಕು.

ಕಾಲವನ್ನೂ ನೋಡಿಕೊಳ್ಳಿ. ಜೂನ್, ಜುಲೈಯಲ್ಲಿ ಶುರು ಮಾಡಿದರೆ ಗುಡ್ಡದ ಮನೆಗಳಿಗೆ ಹೋಗುವುದೇ ಕಷ್ಟ. ಏಪ್ರಿಲ್ ಸೆಕೆಯಲ್ಲಿ ಬಿಸಿನೀರಿನಲ್ಲಿ ಕಾಲಿಡಿ ಅಂದರೆ ಯಾರು ಒಪ್ಪುತ್ತಾರೆ? ಕೈಫ್ಯಾನಿನ ಅಧ್ಯಯನವಾದರೆ ಎರಡು ಗುಂಪಿನವರನ್ನೂ ಒಂದೇ ತಿಂಗಳುಗಳಲ್ಲಿ ಸೇರಿಸಿ. ಒಂದು ಗುಂಪು ಬೇಸಿಗೆಯಲ್ಲಿ, ಇನ್ನೊಂದು ಮಳೆಗಾಲದಲ್ಲಿ ಆದರೆ ಹವೆಯ ವ್ಯತ್ಯಾಸವೇ ಫಲಿತಾಂಶ ಆಗಿಬಿಡುತ್ತದೆ.

ಹಂತ 8: ಲೆಕ್ಕ ಮತ್ತು ಬರವಣಿಗೆ

ಇದನ್ನು ಬೇಗ ಮುಗಿಸುತ್ತೇನೆ, ಸ್ಟಾಟಿಸ್ಟಿಕ್ಸ್ ಹೇಳಿಕೊಡುವವರು ನಿಮ್ಮ ಕಾಲೇಜಿನಲ್ಲೇ ಇದ್ದಾರೆ. ಮೂರೇ ಮಾತು.

ಎರಡು ಗುಂಪನ್ನು ಒಂದಕ್ಕೊಂದು ಹೋಲಿಸಿ. ಪ್ರತಿ ಗುಂಪಿನ ಒಳಗೆ ಮೊದಲು, ಆಮೇಲೆ ಅಂತ ನೋಡಿ ನಿಲ್ಲಿಸಿದರೆ ಎರಡನೇ ಹಂತದಲ್ಲಿ ಪಟ್ಟ ಕಷ್ಟವೆಲ್ಲ ನೀರಿಗೆ ಹಾಕಿದ ಹಾಗೆ.

ಪಿ ಬೆಲೆ 0.05ಕ್ಕಿಂತ ಕಡಿಮೆ ಬಂತು ಅಂತ ಖುಷಿಪಡುವ ಮೊದಲು ರೋಗಿಗೆ ಅದು ಗೊತ್ತಾಗುವಷ್ಟು ದೊಡ್ಡದಾ ನೋಡಿ. ಪಿ ಬೆಲೆ ಅಂದರೆ ಉಪಾಯಕ್ಕೆ ಏನೂ ಶಕ್ತಿ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಬರುವ ಸಾಧ್ಯತೆ. ಹಳೆಯ ನೋವು ಇರುವವರಲ್ಲಿ 0ಯಿಂದ 10ರ ಅಳತೆಯಲ್ಲಿ ಸುಮಾರು 2 ಅಂಕ, ಅಥವಾ ಶೇಕಡಾ 30ರಷ್ಟು ಇಳಿದರೆ "ಹೌದು, ಪರವಾಗಿಲ್ಲ" ಅನ್ನುವ ಮಟ್ಟ ಅಂತ 2001ರಿಂದ ಲೆಕ್ಕ ಇಟ್ಟುಕೊಂಡಿದ್ದಾರೆ. ಅರ್ಧ ಅಂಕ ಇಳಿದದ್ದನ್ನು "ಅತ್ಯಂತ ಪರಿಣಾಮಕಾರಿ" ಅಂತ ಬರೆಯಬೇಡಿ.

ವ್ಯತ್ಯಾಸ ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ. ಗೈಡ್ ಮುಖ ಸಿಂಡರಿಸಬಹುದು. ಆದರೆ ಬಿಟ್ಟು ಹೋದವರ ಹೆಸರು ಪಟ್ಟಿಯಿಂದ ಅಳಿಸಿ, ಚೆನ್ನಾಗಿ ಬಂದವರನ್ನು ಮಾತ್ರ ಇಟ್ಟು ಲೆಕ್ಕ ತೋರಿಸಬೇಡಿ. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು ಅಂತ ಒಂದು ಚಿತ್ರ ಬರೆದು ಹಾಕಿ.

ಥೀಸಿಸ್ ಬೈಂಡಿಂಗಿಗೆ ಕೊಡುವ ಮೊದಲು ಒಂದು ಹಾಳೆ ಕನ್ನಡದಲ್ಲಿ, ಒಂದು ಹಾಳೆ ಮಲಯಾಳದಲ್ಲಿ ಬರೆಯಿರಿ: ಏನು ಮಾಡಿದಿರಿ, ಏನು ಕಂಡಿತು, ಯಾರಿಗೆ ಮಾಡಬಾರದು. ಅದನ್ನು ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಕೈಗೆ ಕೊಡಿ. ಮುಂದಿನ ವಾರದ ಮನೆಭೇಟಿಗೆ ಅವರ ಬ್ಯಾಗಿನಲ್ಲಿ ಹೋಗುವುದು ಆ ಹಾಳೆ, ಲೈಬ್ರರಿಗೆ ಹೋಗುವ ಥೀಸಿಸ್ ಅಲ್ಲ.